ಹೊಸ್ತಿಲ ಮೇಲಿನ ಉಂಡಿ

“ಪೂರ್ವಾ, ಉಂಡಿ ಇಟ್ಟೀನಿ. ಬಿಸಿ ಹಾಲೂ ಅದ. ಆರೂದ್ರಾಗ ತೊಗೋವಾ.”

ಅತ್ತೆ ರಾಧಾಬಾಯಿಯವರ ದನಿ ಬಾಗಿಲ ಬಳಿ ಕೇಳಿ, ಹಾಗೆಯೇ ಅಡುಗೆಮನೆಯತ್ತ ಹೋಯಿತು. ಹೆರಿಗೆಯ ಹೊಲಿಗೆಯ ನೋವಿಗೆ ಹೆದರಿ, ಮಂಚದ ಅಂಚು ಹಿಡಿದು, ಪೂರ್ವಾ ಮೆಲ್ಲಗೆ ಹೊಸ್ತಿಲ ತನಕ ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಟ್ಟಲಿನಲ್ಲಿ ಒಂದು ಅಂಟಿನುಂಡಿ, ಪಕ್ಕದಲ್ಲಿ ಹಾಲಿನ ಲೋಟ. ದಿನವೂ ಇದೇ. ಸ್ನಾನವಾದ ಮೇಲೆ ಪೂಜೆ, ಅಡುಗೆ ಮುಗಿಯುವ ತನಕ ರಾಧಾಬಾಯಿ ಮಡಿಯಲ್ಲಿರುವವರು; ಬಾಣಂತಿಯ ಕೋಣೆಗೆ ಕಾಲಿಡುವ ಮಾತೇ ಇಲ್ಲ. ಮಡಿ ಮುಗಿದ ಮೇಲೆ ಬರುತ್ತಿದ್ದರು, ನಿಜ. ಬಂದವರೇ ಕೂಸನ್ನು ಎತ್ತಿಕೊಂಡು, “ನೀ ಮಲಕೋ, ಆರಾಮ ತೊಗೋ” ಎಂದು ಹಾಲ್‌ಗೆ ಹೊರಟುಬಿಡುತ್ತಿದ್ದರು.

ಬಾಣಂತನದಲ್ಲಿ ಕೊರತೆಯಿತ್ತೆಂದು ಯಾರಾದರೂ ಅಂದರೆ ಅವರ ಬಾಯಲ್ಲಿ ಹುಳ ಬಿದ್ದೀತು. ಹಾವೇರಿಯಲ್ಲಿ ಪೂರ್ವಾಳ ತಂದೆಗೆ ಲಕ್ವಾ ಹೊಡೆದು, ತಾಯಿ ಅವರನ್ನು ಬಿಟ್ಟು ಕದಲುವಂತಿರಲಿಲ್ಲ. ತವರಿನಲ್ಲಿ ಆಗಬೇಕಾದದ್ದನ್ನು “ನಾ ಮಾಡ್ತೀನಿ” ಎಂದು ರಾಧಾಬಾಯಿಯೇ ಧಾರವಾಡದಿಂದ ಅಂಟು, ಉತ್ತತ್ತಿ, ಕೊಬ್ಬರಿ ಹೊತ್ತುಕೊಂಡು ಪುಣೆಗೆ ಬಂದಿದ್ದರು. ಮಗರಪಟ್ಟಾದ ಒಂಬತ್ತನೇ ಮಹಡಿಯ ಆ ಮನೆ ಈಗ ಸಬ್ಬಸಿಗೆ, ಓಮಿನ ಕಾಳುಗಳ ವಾಸನೆಯಿಂದ ಘಮಘಮಿಸುತ್ತಿತ್ತು. ಮಾಲೀಶ್ ಮಾಡುವ ಮಾವಶಿ ಒಂದೇ ತಾಸಿನಲ್ಲಿ ತಾಯಿ ಮಗು ಇಬ್ಬರಿಗೂ ಎಣ್ಣೆ ನೀರು ಮುಗಿಸಿ, ಮುಂದಿನ ಮನೆಗೆ ಓಡುತ್ತಿದ್ದಳು. ಕೂಸಿನ ತೂಕ ಆರುನೂರು ಗ್ರಾಂ ಏರಿತ್ತು. ಆ ಸುದ್ದಿ ಬಳಗಕ್ಕೆಲ್ಲ ಮುಟ್ಟಿತ್ತು. ಪೂರ್ವಾಳ ತೂಕವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಕೂಸು ನೋಡಲು ಬಂದವರು ಕೋಣೆಯೊಳಗೆ ಇಣುಕಿ ಕೇಳುತ್ತಿದ್ದುದು ಒಂದೇ: “ಹಾಲು ಸಾಕಾಗ್ತದೇನು?” ಸಾಕಾಗುತ್ತದೆ ಎಂದರೆ ಅವರಿಗೆ ಸಮಾಧಾನ. ಹೋಗುವಾಗ ಬಾಗಿಲು ಎಳೆದುಕೊಳ್ಳುತ್ತಿದ್ದರು, ಬಾಣಂತಿಗೆ ಗಾಳಿ ತಾಗಬಾರದಲ್ಲ. ಆ ಮುಚ್ಚಿದ ಬಾಗಿಲ ಹಿಂದೆ ಪೂರ್ವಾ ಗೋಡೆ ನೋಡುತ್ತ ಮಲಗುತ್ತಿದ್ದಳು. ಹಾಲ್‌ನಲ್ಲಿ ನಗು ಕೇಳಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು. ಏಕೆಂದು ಅವಳಿಗೇ ಗೊತ್ತಾಗದೆ, ತನ್ನ ಮೇಲೆ ತನಗೇ ನಾಚಿಕೆಯಾಗುತ್ತಿತ್ತು.

ಒಮ್ಮೆ ಗಂಡನ ಮುಂದೆ ಬಾಯಿಬಿಟ್ಟಿದ್ದಳು. “ಪ್ರಣವ, ನನಗ ಇಲ್ಲಿ ಭಾಳ ಒಂಟಿ ಅನಸ್ತದ.”

ವಿಮಾನ ನಗರದ ಆಫೀಸಿನಿಂದ ಸೋತು ಬಂದಿದ್ದ ಪ್ರಣವ ಬೇಸರದಿಂದೇನೂ ಅನ್ನಲಿಲ್ಲ. “ಮನಿ ತುಂಬ ಮಂದಿ ಇದ್ದೀವಲ್ಲ ಪೂರ್ವಾ. ಅವ್ವ ಈ ವಯಸ್ಸಿನಾಗ ಇಷ್ಟು ಮಾಡ್ಲಿಕ್ಕತ್ತಾಳ. ಎಷ್ಟು ಮಂದಿಗೆ ಸಿಗ್ತದ ಹೇಳು?”

ಮಾತು ಸುಳ್ಳಲ್ಲ. ಅಂದಿನಿಂದ ಅವಳು ಮತ್ತೆ ಆ ಮಾತೆತ್ತಲಿಲ್ಲ.

ಹೆರಿಗೆಯಾದ ಇಪ್ಪತ್ತಾರನೆಯ ದಿನ ಗುಟ್ಟು ಬಯಲು ಮಾಡಿದ್ದು ಇರುವೆಗಳು. ಬಟ್ಟಲು ಇಡಲು ಬಗ್ಗಿದ ರಾಧಾಬಾಯಿಯವರ ಕಣ್ಣಿಗೆ ಹೊಸ್ತಿಲು ದಾಟಿ ಕೋಣೆಯೊಳಗೆ ಹೊರಟ ಸಾಲು ಬಿತ್ತು. ಅದು ನೇರವಾಗಿ ಕಪಾಟಿನ ಸಂದಿಗೆ ಹೋಗಿತ್ತು.

“ಪೂರ್ವಾ, ಆ ಕಪಾಟ ತಗಿ.”

“ಅತ್ಯಾ, ನಾ ಆಮ್ಯಾಲೆ ಒರಸ್ತೀನ್ರಿ...”

“ಕೂಸಿನ ಅಂಗಿ ಅರಬಿ ಅವ ಅಲ್ಲೆ. ತಗಿ ಅಂದೆ.”

ಪೂರ್ವಾ ಕಪಾಟು ತೆಗೆದಳು. ಡೈಪರಿನ ಖಾಲಿ ಪೆಟ್ಟಿಗೆಯಲ್ಲಿ ಉಂಡಿಗಳಿದ್ದವು. ಎಣಿಸಿದರೆ ಹದಿನೆಂಟಾದರೂ ಆದಾವು. ಕೆಲವು ಒಣಗಿ ಬಿರಿದಿದ್ದವು.

ರಾಧಾಬಾಯಿಯವರ ಮುಖ ಕೆಂಪೇರಿತು. “ಮೊಣಕಾಲ ನೋವಿನಾಗ ನಿಂತು ಅಂಟು ಹುರದೀನಿ. ನನ್ನ ಕೈ ರುಚಿ ಅಷ್ಟು ಕೆಟ್ಟದೇನು? ದಿನಾ ಖಾಲಿ ಬಟ್ಟಲ ಯಾಕ ಇಟ್ಟಿ ಮತ್ತ?”

“ನಿಮಗ ಬ್ಯಾಸರ ಆಗ್ತದಂತ.” ಪೂರ್ವಾ ಮಂಚದ ಅಂಚಿಗೆ ಕುಳಿತು, ನೆಲ ನೋಡುತ್ತಲೇ ಹೇಳಿದಳು. “ರುಚಿ ಅವ ರೀ ಅತ್ಯಾ. ಮೊದಲನೇ ದಿನ ತಿಂದೆ. ಆದರ ಒಬ್ಬಾಕಿನ ಕೂತು ತಿನ್ನಲಿಕ್ಕೆ ಆಗವಲ್ತು. ಗಂಟಲಾಗ ಇಳೀವಲ್ತು. ಎಲ್ಲಾರೂ ಹಾಲು ಕೇಳ್ತಾರ, ಕೂಸು ಕೇಳ್ತಾರ. ಪೂರ್ವಾ, ನೀ ಹೆಂಗಿದ್ದಿ ಅಂತ ಇವತ್ತಿನ ತನಕಾ ಒಬ್ಬರೂ ಕೇಳಿಲ್ರಿ.”

ಆಡಿಬಿಟ್ಟ ಮೇಲೆ ಅವಳಿಗೆ ಭಯವಾಯಿತು. ಇನ್ನು ಈ ಮನೆಯಲ್ಲಿ ತಾನು ಉಪಕಾರ ಅರಿಯದವಳು. ಇದ್ದ ಒಂದು ಆಸರೆಯೂ ಹೋಯಿತು ಅಂದುಕೊಂಡಳು.

ರಾಧಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕುಕ್ಕರು ಸೀಟಿ ಹೊಡೆದರೂ ಅತ್ತ ತಿರುಗಲಿಲ್ಲ.

“ನನಗೂ ಯಾರೂ ಕೇಳಿರಲಿಲ್ಲ,” ಎಂದರು ಕೊನೆಗೆ. “ಎರಡು ಬಾಣಂತನ ಆದವು. ಹಂಗ ಕೇಳೂದು ಇರ್ತದ ಅನ್ನೂದ ನನಗ ಗೊತ್ತಿರಲಿಲ್ಲ.”

ಅಷ್ಟರಲ್ಲಿ ಹಾಲ್‌ನಲ್ಲಿ, ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಪ್ರಣವನ ಪಕ್ಕದ ತೊಟ್ಟಿಲಲ್ಲಿ ಕೂಸು ಅತ್ತಿತು. ಪೂರ್ವಾ ಅಭ್ಯಾಸದಂತೆ ಮಂಚ ಹಿಡಿದು ಏಳಹೋದಳು.

“ಕೂಡು ನೀ.” ರಾಧಾಬಾಯಿ ಹಿಂದಕ್ಕೆ ತಿರುಗಿ ಕೂಗಿದರು. “ಪ್ರಣವಾ! ಆ ಲ್ಯಾಪ್‌ಟಾಪ್ ಮುಚ್ಚಿಟ್ಟು ನಿನ್ನ ಕೂಸನ್ನ ಎತಗೋ!”

ಅಂದವರೇ ಮಡಿಸೀರೆಯ ನಿರಿಗೆ ಎತ್ತಿ ಹಿಡಿದು ಹೊಸ್ತಿಲು ದಾಟಿದರು. ಬಟ್ಟಲನ್ನು ತಂದು ಸೊಸೆಯ ಪಕ್ಕ, ಅದೇ ಹಾಸಿಗೆಯ ಮೇಲೆ ಕುಳಿತರು. ಉಂಡಿಯನ್ನು ಎರಡು ಹೋಳು ಮಾಡಿ, ಒಂದನ್ನು ಅವಳ ಕೈಗಿತ್ತರು.

“ಹೇಳು. ಹೆಂಗಿದ್ದಿ?”

ಇಷ್ಟು ದಿನ ಕಾದಿದ್ದ ಪ್ರಶ್ನೆ ಬಂದಾಗ ಪೂರ್ವಾ ಅತ್ತೆಯ ಹೆಗಲಿಗೆ ಹಣೆಯಾನಿಸಿ ಅತ್ತುಬಿಟ್ಟಳು. ರಾಧಾಬಾಯಿ ಅವಳ ಬೆನ್ನು ಸವರುತ್ತ ಕುಳಿತರು. ದೇವರ ಮುಂದಿನ ದೀಪ ಅಂದು ಹತ್ತಿದ್ದು ಮಧ್ಯಾಹ್ನಕ್ಕೆ.

ಮರುದಿನ ಬೆಳಿಗ್ಗೆ ಬಾಗಿಲ ಬಳಿ ಯಾರೂ ಕೂಗಲಿಲ್ಲ. ರಾಧಾಬಾಯಿ ಬಟ್ಟಲು ಹಿಡಿದು ನೇರವಾಗಿ ಒಳಗೇ ಬಂದರು. ಬಟ್ಟಲಿನಲ್ಲಿ ಎರಡು ಉಂಡಿಗಳಿದ್ದವು.

“ಅತ್ಯಾ, ಪೂಜಾಕ್ಕ ತಡಾ ಆಗಂಗಿಲ್ಲೇನ್ರಿ?”

“ದೇವರಿಗೇನು ಆಫೀಸ ಅದನ? ಸರಿ ಆಕಡೆ, ನನಗೂ ಜಾಗಾ ಬಿಡು.”