ಕುಡುಕ ಆನೆಯ ಬೆನ್ನು

ಓಡುವ ಮೊಲ ಅನ್ನುವ ಕಾಯಿಯ ಮೇಲೆ ನೊಣ ಕೂತಿದೆ, ಈ ಚಳಿಗೆ ಸಾಯಬೇಕಿತ್ತು, ಸತ್ತಿಲ್ಲ, ಈಗ ಹಾರಿ ಮುದಿ ಇಲಿ ಅನ್ನುವ ಕಾಯಿಯ ಮೇಲೆ ಕೂತಿತು, ಯಾವ ನಿಯಮಕ್ಕೂ ಸಿಗದ ನಡೆ, ಮಾಗೊಬೇ ಅದನ್ನೇ ನೋಡುತ್ತಿದ್ದಾನೆ, ನೊಣ ನೋಡುವಷ್ಟು ಹೊತ್ತು ತನ್ನ ರಾಜನನ್ನು ನೋಡಬೇಕಾಗಿಲ್ಲವಲ್ಲ — ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದಾನೆ, ಮಣೆಯ ಆಚೆ ದಡದಲ್ಲಿ ರೊಕುಸುಕೆ, ದಡವೇ ಸರಿ, ಕೋಣೆಯ ಚಾಪೆಯನ್ನೆಲ್ಲ ನುಂಗಿದ ಮಣೆ ಇದು, ಬಂದವರು ಗೋಡೆಗೆ ಬೆನ್ನು ಉಜ್ಜಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು, ತೆಂದೋ ಊರಿನ ಮನೆಮನೆಯಲ್ಲೂ ಚದುರಂಗದ ಕಾಯಿ ಕೊರೆಯುತ್ತಾರೆ, ಎಂಟುನೂರು ಚಿಲ್ಲರೆ ಕಾಯಿಗಳ ಆಟ ಇರುವುದು ಇಲ್ಲಿ ಮಾತ್ರ, ರೊಕುಸುಕೆ ಪಾಪ ನದಿಯಾಚೆಯ ಕುಸುಬೆ ಬೆಳೆಗಾರ, ಹೂವಿನ ಬಣ್ಣ ಹತ್ತಿ ಬೆರಳ ತುದಿಯೆಲ್ಲ ಕೆಂಪು, ದೂರದ ಕಾಯಿ ಸರಿಸಲು ಬಿದಿರುಕೋಲು ಹಿಡಿದು ಮೀನಿಗೆ ಕಾದವನ ಹಾಗೆ ಕೂತಿದ್ದಾನೆ. ಮಗಳನ್ನ ಕೊಡ್ತೀನಪ್ಪ, ಈ ಆಟ ಮುಗಿದ ದಿನ ಕರ್ಕೊಂಡು ಹೋಗು, ಅಂದದ್ದು ಮಾಗೊಬೇನೇ, ಚಳಿ ಮುಗಿಯುತ್ತ ಉಮೆ ಮರ ಹೂ ಬಿಟ್ಟ ಕಾಲದಲ್ಲಿ, ಭಾರಿ ಜಾಣತನ ಅನ್ನಿಸಿತ್ತು ಆಗ, ಹುಡುಗ ಬೇಸತ್ತು ಓಡುತ್ತಾನೆ ಅಂತ, ಓಡಲಿಲ್ಲ, ಮಳೆಗಾಲದಲ್ಲಿ ಸೂರು ಸೋರಿದಾಗ ಇಬ್ಬರೂ ಕೊಡೆ ಹಿಡಿದು ಆಡಿದರು, ಪಕ್ಕದ ಮನೆಯ ಬೆಕ್ಕು ಎಡಗಡೆಯ ಸೈನ್ಯದೊಳಗೆ ಮರಿ ಹಾಕಿತು, ಮರಿಗಳು ಕಣ್ಣು ಬಿಡುವ ತನಕ ಆ ಕಡೆ ಯುದ್ಧ ನಿಲ್ಲಿಸಿದ್ದಾಯಿತು, ದೇಗುಲದ ಭಿಕ್ಷು ಬಂದು ಸತ್ತ ಕಾಯಿಗಳ ರಾಶಿ ನೋಡಿ ಇವಕ್ಕೊಂದು ಮಂತ್ರ ಹೇಳಿಬಿಡಲೇ ಅಂತ ಕೇಳಿದ, ಮಳೆ ಮುಗಿದು ಬಂದ ಬೇಸಗೆಯಲ್ಲಿ ಹುಡುಗ ಬಾಯಿತಪ್ಪಿ ಮಾವ ಅಂದುಬಿಟ್ಟ, ಇನ್ನೂ ಮಾವ ಅಲ್ಲ, ಯಜಮಾನ್ರೇ ಅನ್ನು, ಆಯ್ತು ಯಜಮಾನ್ರೇ, ನನ್ನ ಹಲ್ಲು ಉದುರಿದ ಮೇಲಾದ್ರೂ ಅನ್ಬೋದಾ, ಒಳಗೆ ಚಿಸೆ ನಕ್ಕಳು, ಮಗಳ ನಗು ಥೇಟು ಅವಳಮ್ಮನದು, ಅಮ್ಮ ಹೋದ ಮೇಲೆ ಕುಂಚ ಹಿಡಿದವಳು ಚಿಸೆಯೇ, ಇವನು ಕೊರೆಯುವುದು, ಅವಳು ಕಪ್ಪು ಮೆರುಗೆಣ್ಣೆಯಲ್ಲಿ ಹೆಸರು ಬರೆಯುವುದು, ಮುಖಕ್ಕೊಂದು ಹೆಸರು ಬೆನ್ನಿಗೊಂದು, ಶತ್ರುವಿನ ನೆಲ ಮುಟ್ಟಿದ ಕಾಯಿಯನ್ನು ಮಗುಚಿದರೆ ಬೆನ್ನಿನ ಹೆಸರಿನ ಬಲ ಬರುತ್ತದೆ, ಅವಳು ನದಿ ದಾಟಿದರೆ ಇದನ್ನೆಲ್ಲ ಬರೆಯುವವರು ಯಾರು, ಅದೊಂದೇ ಚಿಂತೆ, ಬೇರೇನಿಲ್ಲ, ಬೆಳಗಿನ ಸಾರಿನ ಪಾತ್ರೆಯ ಸದ್ದು, ಅಪ್ಪಾ ಕಾಲುಚೀಲ ಮತ್ತೆಲ್ಲಿ ಬಿಸಾಕಿದ್ರಿ ಅನ್ನುವ ದನಿ, ಅದೆಲ್ಲ ಚಿಂತೆಯೊಳಗೆ ಸೇರುವುದಿಲ್ಲ, ಸುಮ್ಮನೆ ನೆನಪಾಯಿತು ಅಷ್ಟೆ.

ಆದರೆ ಕುಡುಕ ಆನೆ ಇದೆಯಲ್ಲ, ಆ ಕಾಯಿಯ ಹೆಸರೇ ಹಾಗೆ, ತೂರಾಡುತ್ತ ತೂರಾಡುತ್ತ ಶತ್ರುವಿನ ಅಂಚಿಗೆ ಬಂದು ನಿಂತಿದೆ, ಇನ್ನೊಂದು ಮನೆ ನಡೆಸಿ ಮಗುಚಿದರೆ ಯುವರಾಜ, ಯುವರಾಜನಿದ್ದರೆ ರಾಜ ಸತ್ತರೂ ಆಟ ಸಾಯುವುದಿಲ್ಲ, ಮುಂದಿನ ಉಮೆ ಹೂವಿನ ತನಕ ನಡೆಯುತ್ತದೆ, ಅದರಾಚೆಗೂ — ಹುಡುಗನಿಗೆ ಆನೆ ಕಂಡಿಲ್ಲವೇ, ಕಂಡಿದೆ, ಎಷ್ಟೋ ಸಲ ಹೊಡೆಯಬಹುದಿತ್ತು, ಹೊಡೆಯಲಿಲ್ಲ, ಉಪ್ಪಿನಲ್ಲಿಟ್ಟ ಮೂಲಂಗಿ ಕಡಿಯುತ್ತ ಬೇರೆಲ್ಲೋ ನೋಡಿದ, ಕಳ್ಳ, ಈ ಮುದುಕನಿಗೆ ಇನ್ನಷ್ಟು ದಿನ ಬೇಕು ಅಂತ ಗೊತ್ತಾಗಿದೆ ಕಳ್ಳನಿಗೆ, ಮಾಗೊಬೇ ಗೋಡೆಗುಂಟ ಅಡ್ಡಡ್ಡ ಹೋಗಿ, ಬಾಗಿ ಆನೆಯನ್ನು ಒಂದು ಮನೆ ನಡೆಸಿದ, ಎತ್ತಿದ, ಮಗುಚಿದ, ಏನೂ ಇಲ್ಲ, ಬೆನ್ನ ಮೇಲೆ ಹೆಸರಿಲ್ಲ, ಬರಿ ಹಳದಿ ಮರ, ಮುದಿ ಇಲಿಯ ಬೆನ್ನನ್ನೂ ಮರೆಯದ ಚಿಸೆ ಇದನ್ನು ಹೇಗೆ — ಹೋದ ಚಳಿಗಾಲ, ಹೌದು, ಬಾಗಿಲಲ್ಲಿ ಬೆರಳ ತುದಿ ಕೆಂಪಾದ ಯಾರೋ ಹುಡುಗ ಮೂಟೆ ಹೊತ್ತು ನಿಂತು ದಾರಿ ಕೇಳಿದ್ದ, ಕುಂಚ ಹಿಡಿದವಳು ತಲೆ ಎತ್ತಿದ್ದಳು, ಕುಂಚ ಒಣಗುವ ತನಕ ಇಳಿಸಿರಲಿಲ್ಲ, ಆ ದಿನ ಅವಳ ಕೈಯಲ್ಲಿದ್ದದ್ದು ಈ ಆನೆ.

ಬರೀದಿದ್ರೂ ಅದು ಯುವರಾಜನೇ ಬಿಡಿ ಯಜಮಾನ್ರೇ, ಮುಂದೆ ಆಡೋಣ, ರೊಕುಸುಕೆ ಮೆಲ್ಲಗೆ ಅಂದ, ಚಹಾ ಹಿಡಿದು ಅಡ್ಡಡ್ಡ ಬರುತ್ತಿದ್ದ ಚಿಸೆ ಅಪ್ಪನ ಅಂಗೈ ನೋಡಿ ನಿಂತಳು, ಕಿವಿಯ ತನಕ ಕೆಂಪಾದಳು, ಆಮೇಲೆ, ಕುಂಚ ತರ್ಲಾ ಅಪ್ಪ, ಈಗ್ಲೇ ಬರ್ದುಬಿಡ್ತೀನಿ, ಬರೆಯುತ್ತಾಳೆ, ಕೇಳಿದರೆ ಖಂಡಿತ ಬರೆಯುತ್ತಾಳೆ, ಬರೆದು ಇಲ್ಲೇ ಉಳಿಯುತ್ತಾಳೆ, ಬೇಡಮ್ಮ, ಈ ಚಳೀಲಿ ಮೆರುಗೆಣ್ಣೆ ಒಣಗಲ್ಲ, ಅಂದದ್ದು ಯಾರು, ತಾನೇ, ಬರೀದಿದ್ದು ಯುವರಾಜ ಅಲ್ಲ, ನೀನು ರಾಜನ್ನ ತಗೋಳಯ್ಯ, ಅದೂ ತಾನೇ, ಬಿದಿರುಕೋಲು ಮಣೆಯ ಮೇಲೆ ನಿಧಾನ ಬರುತ್ತಿದೆ, ಬರಲಿ, ಆ ಕಡೆ ನೋಡುವುದು ಬೇಡ, ಅಂಗೈಯಲ್ಲಿ ಇದಿದೆ, ಮೂರು ಬೆರಳಗಲ, ಹಳದಿ, ಅವಳು ಬರೆಯದೆ ತಲೆ ಎತ್ತಿದ ಜಾಗ, ಬರಿ ಮರ, ಹಳದಿ ಮರ, ಬರಿ