ದೀಪದ ಹೊತ್ತಿನ ಹೌದು

ಮಣಿಗೆ ಸೈಕಲ್ ಇತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ.

ಜ್ಞಾನಮಣಿ ಅಂತ ಅವಳ ಪೂರ್ತಿ ಹೆಸರು. ಫ್ರೇಜರ್ ಟೌನಿನ ತಮಿಳು ಕ್ರಿಶ್ಚಿಯನ್ನರವಳು, ಅಪ್ಪ ರೈಲ್ವೆಯಲ್ಲಿ ಗಾರ್ಡು. ಅವಳು ಕಾಲೇಜಿನ ಗೇಟಿನೊಳಗೆ ಸೈಕಲ್ಲಿನಿಂದ ಜಿಗಿದು ಇಳಿಯುವುದನ್ನು ನೋಡಿದಾಗಲೆಲ್ಲ ನನಗೆ ಅಜ್ಜಿ ಹೇಳುತ್ತಿದ್ದ ರೆಕ್ಕೆಯ ಕುದುರೆ ನೆನಪಾಗುತ್ತಿತ್ತು. ಕಥೆ ಕೇಳುವಾಗ ಆ ಕುದುರೆಯ ಮೇಲೆ ಯಾವಾಗಲೂ ನಾನೇ ಕೂತಿರುತ್ತಿದ್ದೆ. ಇಲ್ಲಿ ನೋಡಿದರೆ ನಾನು ಹಲಸೂರಿನಿಂದ ಧೂಳು ತುಳಿದುಕೊಂಡು ನಡೆದು ಬರುವವಳು, ಕುದುರೆ ಅವಳದು.

ಬ್ರಿಟಿಷರು ಬೆಂಗಳೂರಿನ ದಂಡನ್ನು, ಅಂದರೆ ಕಂಟೋನ್ಮೆಂಟನ್ನು, ಮೈಸೂರಿಗೆ ಬಿಟ್ಟುಕೊಟ್ಟು ಎರಡು ವರ್ಷವಾಗುತ್ತ ಬಂದಿತ್ತು. ದಂಡಿಗೊಂದು ಮುನಿಸಿಪಾಲಿಟಿ, ಪೇಟೆಗೊಂದು ಮುನಿಸಿಪಾಲಿಟಿ ಇನ್ನೂ ಇದ್ದವು. ಎರಡನ್ನೂ ಒಂದು ಮಾಡುತ್ತಾರಂತೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ರಾಜ್ಯಶಾಸ್ತ್ರ ಕಲಿಸುವ ವೆಂಕಟಸ್ವಾಮಿ ಮೇಷ್ಟ್ರು ಅದನ್ನೇ ಹಿಡಿದುಕೊಂಡರು.

"ಪುಸ್ತಕ ಮುಚ್ಚಿಡಿ. ಜನಕ್ಕೆ ಏನು ಬೇಕು ಅಂತ ಜನರನ್ನೇ ಕೇಳ್ಕೊಂಡು ಬನ್ನಿ" ಅಂದರು.

"ಎಲ್ಲರನ್ನೂ ಹೆಂಗೆ ಕೇಳೋದು ಸಾರ್?" ಹಿಂದಿನ ಬೆಂಚಿನಿಂದ ರಾಮಾಂಜಿನಪ್ಪ ಕೂಗಿದ.

"ಹುಳಿ ರುಚಿ ನೋಡೋಕೆ ಪಾತ್ರೆಯೆಲ್ಲ ಕುಡೀತೀಯೇನಯ್ಯ? ಒಂದು ಸೌಟು ಸಾಕು. ಆದ್ರೆ ಕದಡಿ ತೆಗೀಬೇಕು. ಮೇಲಿನ ತಿಳೀನ ನೆಕ್ಕಿ ಉಪ್ಪೇ ಇಲ್ಲ ಅಂದ್ರೆ ಅಡಿಗೆಯವರ ತಪ್ಪಲ್ಲ, ನಿನ್ನ ತಪ್ಪು."

ಕದಡುವುದು ಅಂದರೆ ಏನೆಂದು ಆಮೇಲೆ ಬಿಡಿಸಿದರು. ನಮಗೆ ಇಷ್ಟವಾದ ಮನೆಗೆ ಹೋಗುವ ಹಾಗಿಲ್ಲ. ಬೀದಿಯ ತುದಿಯಿಂದ ಎಣಿಸುತ್ತ ಹತ್ತನೆಯದು ಯಾವುದು ಬರುತ್ತದೋ ಅದೇ ಮನೆ, ಅಲ್ಲಿ ನಾಯಿ ಬೊಗಳಲಿ, ನಮ್ಮನ್ನು ಕಂಡರಾಗದ ಚಿಕ್ಕಮ್ಮ ಇರಲಿ. ಕೇಳುವ ಪ್ರಶ್ನೆಯೂ ಒಂದೇ. ದಂಡೂ ಪೇಟೆಯೂ ಒಂದೇ ಮುನಿಸಿಪಾಲಿಟಿ ಆಗಬೇಕೇ, ಬೇಡವೇ?

ಕೊನೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. ಅಂಕಿಅಂಶದ ಶಾಸ್ತ್ರ ಕಲಿಯಲು ಕಲ್ಕತ್ತೆಗೆ ಮೂರು ತಿಂಗಳ ತರಬೇತಿಗೆ ನಮ್ಮ ಕ್ಲಾಸಿನಿಂದ ಒಬ್ಬರನ್ನು ಕಳಿಸಬಹುದು. ಒಬ್ಬರನ್ನು ಮಾತ್ರ.

ಕಲ್ಕತ್ತೆ! ಬೈಯಪ್ಪನಹಳ್ಳಿಯ ಹತ್ತಿರ ಹಳಿಯ ಪಕ್ಕ ನಿಂತು, ಮದರಾಸಿನ ರೈಲಿಗೆ ಕೈಬೀಸಿದ್ದಷ್ಟೇ ನನ್ನ ಪ್ರಯಾಣ. ಆ ಹಳಿ ಏಳು ಸಮುದ್ರದ ಆಚೆಗೂ ಹೋಗುತ್ತದೆ ಅಂದುಕೊಂಡೇ ಬೆಳೆದವಳು ನಾನು. ಕ್ಲಾಸಿನಲ್ಲಿ ಎಲ್ಲರೂ ಮಣಿಯ ಕಡೆ ತಿರುಗಿದರು. ನನ್ನ ಕಡೆ ಯಾರೂ ತಿರುಗಲಿಲ್ಲ.

ನನಗೂ ಅವಳಿಗೂ ಹಲಸೂರಿನಲ್ಲೇ ಅಕ್ಕಪಕ್ಕದ ಬೀದಿಗಳು ಬಂದವು. ನಾನು ಬೆಳಗ್ಗೆ, ಬಾಗಿಲಿಗೆ ರಂಗೋಲಿ ಹಾಕಿ ಮುಗಿಸಿ ಹೊರಡುತ್ತಿದ್ದೆ. ಅವಳು ಸಂಜೆ, ಮಿಲ್ಲಿಗೂ ಡಿಪೋಗೂ ಹೋದ ಗಂಡಸರು ಮನೆ ಸೇರುವ ಹೊತ್ತಿಗೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅವಳ ಗಂಟೆಯ ಸದ್ದು ನಮ್ಮ ಮನೆಯ ಜಗಲಿಗೂ ಕೇಳುತ್ತಿತ್ತು. ಕೇಳಬಾರದು ಅಂತ ನಾನು ರಾಗಿ ಕಲ್ಲನ್ನು ಜೋರಾಗಿ ಬೀಸುತ್ತಿದ್ದೆ.

ಲೆಕ್ಕ ಕೂಡಿಸಿದಾಗ ಎಡವಟ್ಟಾಯಿತು. ನನ್ನ ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದಿದ್ದರು. "ಪೇಟೆಯೋರ ಕಂದಾಯ ನಮ್ಮ ತಲೆ ಮೇಲೆ ಯಾಕಮ್ಮ?" ಅಂತ ವೆಂಕಟಮ್ಮನವರು ಪೊರಕೆ ಹಿಡಿದೇ ಕೇಳಿದ್ದರು. ಮಣಿಯ ಬೀದಿಯಲ್ಲೋ, ಹೆಚ್ಚುಕಡಿಮೆ ಎಲ್ಲರೂ ಆಗಲಿ ಅಂದಿದ್ದರು.

ಮೇಷ್ಟ್ರು ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. "ಒಂದೇ ಊರು, ಒಂದೇ ಥರದ ಜನ. ನಡುವೆ ಒಂದು ಚರಂಡಿ. ಇಷ್ಟು ವ್ಯತ್ಯಾಸ ಹೇಗೆ? ಗಂಗಲಕ್ಷ್ಮಿ, ನೀನು ಆ ಊರಿನವಳೇ. ಗುರುತಿನವರ ಮನೆ ನೋಡ್ಕೊಂಡು ಹೋದೆಯಾ?"

"ಇಲ್ಲ ಸಾರ್. ಹತ್ತನೇ ಮನೆಗೇ ಹೋದೆ."

"ಎರಡೂ ಒಂದಾಗೋದು ನಿನಗೆ ಇಷ್ಟ ಇಲ್ಲ ಅನ್ನೋದು ಮುಖದಲ್ಲಿ ಕಾಣಿಸಿಬಿಡ್ತೇನೋ. ಜ್ಞಾನಮಣಿ ಹೊರಗಿನವಳು. ಅವಳ ಅಂಕಿ ನಂಬೋದಕ್ಕೆ ಸುಲಭ." ಸೋಮವಾರ ಹೆಸರು ಹೇಳುತ್ತೇನೆ ಅಂದರು.

ಮಣಿ ಬಾಗಿಲ ಹತ್ತಿರ ನನ್ನ ತೋಳು ಹಿಡಿದಳು. "ಬೇಜಾರಾಯ್ತಾ ಡೀ?" ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಆ ಸಂಜೆ ಅಜ್ಜಿ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದರು. ಎಣ್ಣೆ ತಾ ಅಂದರು. ನಾನು ಸೀಸೆ ಅಲುಗಾಡಿಸಿ, ಸಿಡುಕಿನಲ್ಲೇ "ಎಣ್ಣೆ ಇಲ್ಲ" ಅಂದೆ.

"ಥೂ, ಬಾಯಿ ಮುಚ್ಚೇ! ದೀಪ ಹಚ್ಚೋ ಹೊತ್ತಲ್ಲಿ ಇಲ್ಲ ಅಂತಾರಾ? ತುಂಬೈತೆ ಅನ್ನು. ಬೇಡ ಅನ್ಬಾರ್ದು, ಇಲ್ಲ ಅನ್ಬಾರ್ದು. ಎಷ್ಟು ಸಲ ಹೇಳ್ಬೇಕು ನಿಂಗೆ? ಲಕ್ಷ್ಮಿ ಬರೋ ಹೊತ್ತು."

ನನ್ನ ಕೈಯಲ್ಲಿ ಸೀಸೆ ಹಾಗೇ ನಿಂತಿತು. ಹೊರಗೆ ಬೀದಿಯ ಒಂದೊಂದೇ ಬಾಗಿಲಲ್ಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಮಣಿ ಬಂದು ಬಾಗಿಲು ತಟ್ಟುತ್ತಿದ್ದದ್ದು ಸರಿಯಾಗಿ ಈ ಹೊತ್ತಿಗೆ. ಈ ಹೊತ್ತಿನಲ್ಲಿ ಯಾರು ಬಂದು ಏನು ಕೇಳಿದರೂ ಹಲಸೂರು ಬೇಡ ಅನ್ನುವುದಿಲ್ಲ! ಮುನಿಸಿಪಾಲಿಟಿಯನ್ನಲ್ಲ, ಸಮುದ್ರವನ್ನೇ ಊರೊಳಗೆ ಬಿಡಲೇ ಅಂತ ಕೇಳಿದ್ದರೂ ಆಗಲಿ ಬಿಡಮ್ಮ ಅಂದಿರುತ್ತಿದ್ದರು.

ರಾಕ್ಷಸನ ಪ್ರಾಣ ಇರುವ ಗಿಳಿ ಕೈಗೆ ಸಿಕ್ಕಿದ ಹಾಗಾಯಿತು. ಮಣಿಗೆ ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮುಖ ಎಲ್ಲರ ಮುಂದೆ ಸಣ್ಣದಾಗುವುದನ್ನು ನಾನು ನೋಡಬೇಕಿತ್ತು.

ಸೋಮವಾರ ಮಣಿ ತನ್ನ ಅಂಕಿ ಓದಿ ಕೂತ ಕೂಡಲೇ ಎದ್ದು ನಿಂತೆ. ದೀಪದ ಹೊತ್ತಿನ ವಿಷಯ ಹೇಳಿದೆ. "ಅವರು ಹೌದು ಅಂದದ್ದು ಮಣಿಗಲ್ಲ ಸಾರ್, ಲಕ್ಷ್ಮಿಗೆ" ಅಂತ ಸೇರಿಸಿದೆ. ಆ ಮಾತನ್ನು ಭಾನುವಾರವೆಲ್ಲ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಕ್ಲಾಸು ಗೊಳ್ಳೆಂದಿತು. ರಾಮಾಂಜಿನಪ್ಪ ಬೆಂಚು ಬಡಿದ. "ನಮ್ಮಮ್ಮಾನೂ ಅಷ್ಟೇ ಸಾರ್! ಸಂಜೆ ಹೊತ್ತಲ್ಲಿ ಕೇಳಿದ್ರೇನೇ ನಂಗೆ ಸಿನಿಮಾಕ್ಕೆ ಒಪ್ಪಿಗೆ!"

ಮಣಿಯ ಮುಖ ಕೆಂಪಾಯಿತು. ಇನ್ನೇನು ಸಣ್ಣದಾಗುತ್ತದೆ ಅಂತ ನಾನು ಕಾದೆ. ಆಗಲಿಲ್ಲ. ಅವಳ ಕಣ್ಣು ಅಗಲವಾಯಿತು.

"ನಿಜಾನಾ ಡೀ? ಎಷ್ಟು ಚೆನ್ನಾಗಿದೆ!" ಅಂದಳು. ಆಮೇಲೆ, "ಆದ್ರೆ ನಿಂಗೆ ಹೆಂಗೆ ಗೊತ್ತು, ದೀಪವೇ ಕಾರಣ ಅಂತ? ನಾನು ಹೋದಾಗ ಗಂಡಸರು ಮನೇಲಿದ್ರು. ನೀನು ಬೆಳಗ್ಗೆ ಕೇಳಿದ್ದು ಹೆಂಗಸರನ್ನ. ಗಂಡಸರಿಗೆ ಬೇಕು, ಹೆಂಗಸರಿಗೆ ಬೇಡ ಅಂತಾನೂ ಇರಬಹುದಲ್ಲ?"

ನನಗೆ ಅದು ಹೊಳೆದೇ ಇರಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಹಾಗಾದ್ರೆ ತಿಳ್ಕೊಳ್ಳೋದು ಹೇಗೆ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಣಿ ಹೇಳಿ ಮುಗಿಸಿದ್ದಳು. ಭಾನುವಾರ ಹೋಗಬೇಕು, ಗಂಡಸರು ಎರಡು ಹೊತ್ತೂ ಮನೆಯಲ್ಲಿರುತ್ತಾರೆ. ಇಬ್ಬರೂ ಸೇರಿಯೇ ಹೋಗಬೇಕು, ಕೇಳುವ ಮುಖ ಬದಲಾಗಬಾರದು. ಯಾವ ಮನೆಗೆ ಬೆಳಗ್ಗೆ, ಯಾವ ಮನೆಗೆ ಸಂಜೆ ಅನ್ನುವುದನ್ನು ಕಾಸು ಚಿಮ್ಮಿ ಗೊತ್ತುಮಾಡಬೇಕು.

ಹಾಗೇ ಮಾಡಿದೆವು. ಹೊಸ ಬೀದಿಯೊಂದರಲ್ಲಿ ರಾಜನ ತಲೆ ಬಿದ್ದ ಮನೆಗಳಿಗೆ ಬೆಳಗ್ಗೆ, ಉಳಿದವಕ್ಕೆ ದೀಪದ ಹೊತ್ತಿಗೆ. ಅವಳು ಸೈಕಲ್ ತಳ್ಳಿಕೊಂಡು ನನ್ನ ಜೊತೆ ನಡೆದಳು. ಬೆಳಗ್ಗೆ ಸಿಕ್ಕ ಬೇಡಗಳು ಸಂಜೆಗೆ ಹೆಚ್ಚುಕಡಿಮೆ ಮಂಗಮಾಯ. ಗಂಡಸು, ಹೆಂಗಸು ಅನ್ನುವ ಭೇದ ಏನೂ ಕಾಣಲಿಲ್ಲ. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮಣಿ ಚರಂಡಿಯ ಕಟ್ಟೆಯ ಮೇಲೆ ಕೂತು, ಹಾಳೆಯಲ್ಲಿ ಇಮಾಮ್ ಬೀ ಮನೆಯನ್ನೂ ಕ್ರಿಶ್ಚಿಯನ್ನರ ಎರಡು ಮನೆಗಳನ್ನೂ ಬೇರೆ ತೆಗೆದಳು. "ನೋಡಿಲ್ಲಿ. ಸಂಜೆ ಬೇಡ ಅಂದಿರೋದು ಇವರು ಮೂರು ಮನೆಯೋರು ಮಾತ್ರ. ನಿಮ್ಮ ಥರ ದೀಪ ಹಚ್ಚಲ್ಲ ಇವರು! ಮೂರೇ ಮನೆ, ಸಾಲದು. ಆದ್ರೂ ನಿನ್ನ ಮಾತೇ ನಿಜ ಅನ್ಸುತ್ತೆ ಗಂಗಾ." ನನಗಿಂತ ಅವಳಿಗೇ ಹೆಚ್ಚು ಖುಷಿಯಾಗಿತ್ತು. ತಾನು ಸೋತದ್ದನ್ನು ಸಕ್ಕರೆಯ ಹಾಗೆ ಚಪ್ಪರಿಸುವವರನ್ನು ನಾನು ಯಾವ ಕಥೆಯಲ್ಲೂ ಕಂಡಿರಲಿಲ್ಲ.

ಮರುದಿನ ಮೇಷ್ಟ್ರು ನನ್ನ ಹೆಸರು ಹೇಳಿದರು. "ಲೆಕ್ಕ ಅಲ್ಲಿ ಕಲಿಸ್ತಾರೆ. ಬಾಗಿಲ ಹಿಂದೆ ಏನು ನಡೆಯುತ್ತೆ ಅನ್ನೋದನ್ನ ಕಲಿಸಲ್ಲ. ಅದು ನಿನಗೆ ಗೊತ್ತು. ಮನೆಯಲ್ಲಿ ಕೇಳ್ಕೊಂಡು ಬಾ." ಮೊದಲು ಚಪ್ಪಾಳೆ ತಟ್ಟಿದವಳು ಮಣಿ. ಕಲ್ಕತ್ತೆ ನನ್ನದಾಯಿತು, ಕಿಚ್ಚು ಮಾತ್ರ ಆರಲಿಲ್ಲ. ಅದು ಕಲ್ಕತ್ತೆಗಾಗಿ ಹೊತ್ತಿಕೊಂಡದ್ದಲ್ಲವೆಂದು ಆಗಲೇ ತಿಳಿದದ್ದು.

ಅಪ್ಪ ರಸೆಲ್ ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಬರುವಾಗ ಕತ್ತಲಾಗುತ್ತಿತ್ತು. ಓಡಿ ಹೋಗಿ ಹೇಳಿದೆ. "ಆಗಲಿ" ಅಂದರು ಅಪ್ಪ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಾರನೆಯ ದಿನ ಮಣಿ ನಮ್ಮ ಮನೆಗೆ ಬಂದಳು. ನನ್ನನ್ನು ನೋಡಲು ಅಲ್ಲ, ಅಜ್ಜಿಯನ್ನು ನೋಡಲು. ಜಗಲಿಯ ಮೇಲೆ ಅಜ್ಜಿಯ ಮಗ್ಗುಲಿಗೆ, ನಾನು ಕೂರುವ ಜಾಗದಲ್ಲೇ ಕೂತಳು.

"ಅಜ್ಜಿ, ದೀಪದ ಹೊತ್ತಲ್ಲಿ ಬೇಡ ಅನ್ನಂಗಿಲ್ಲ, ಸರಿ. ನಿಜವಾಗ್ಲೂ ಬೇಡದೇ ಇದ್ರೆ ಏನ್ಮಾಡ್ತೀರಿ? ಯಾರೋ ಹೆಣ್ಣು ಕೇಳೋಕೆ ಬಂದ್ರು ಅನ್ನಿ."

ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕರು. "ಜಾಣೆ ಕಣೇ ನೀನು. ಆಗಲಿ ಅನ್ನೋದ್ರಾಗೇ ಎರಡೈತೆ. ಒಳಿಕ್ಕೆ ಕರೆದು, ಕೂರಿಸಿ, ನೀರು ಕೊಟ್ಟು ಆಗಲಿ ಅಂದ್ರೆ ಅದು ಆಗಲಿ. ಹೊಸಿಲ ಮೇಲೇ ನಿಂತ್ಕಂಡು, ಸೆರಗೋ ಟವಲ್ಲೋ ಸರಿಮಾಡ್ಕಂತಾ ಆಗಲಿ ಅಂದ್ರೆ, ಹೋಗ್ ಬಾ ಅಂತ. ನಮ್ ಕಡೆಯೋರಿಗೆ ತಿಳೀತದೆ."

"ಅಜ್ಜಿ! ಇದನ್ನ ನಂಗೆ ಯಾವತ್ತೂ ಹೇಳೇ ಇಲ್ಲ ನೀನು!" ನಾನು ನಡುವೆ ಬಾಯಿ ಹಾಕಿದೆ.

"ನೀನು ಯಾವತ್ತು ಕೇಳ್ದೆ? ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳ್ತಿದ್ದೆ ಅಷ್ಟೇ."

ಮಣಿ ಆಗಲೇ, ಯಾರು ಎಲ್ಲಿ ನಿಂತು ಉತ್ತರ ಕೊಟ್ಟರು ಅನ್ನುವುದನ್ನೂ ಬರೆದುಕೊಳ್ಳಬೇಕಿತ್ತು ಅಂತ ಬಡಬಡಿಸುತ್ತಿದ್ದಳು. ನನಗೆ ಅವಳ ಮಾತು ಕೇಳಿಸಲಿಲ್ಲ. ಅಪ್ಪ ನಿನ್ನೆ ಎಲ್ಲಿ ನಿಂತಿದ್ದರು? ಹೊಸಿಲ ಮೇಲೆ. ಒಂದು ಕೈಯಲ್ಲಿ ಖಾಲಿ ಬುಟ್ಟಿ, ಇನ್ನೊಂದರಲ್ಲಿ ಹೆಗಲ ಟವಲ್ಲು ಕೊಡವುತ್ತಿದ್ದರು. ಮಣಿಯ ಮನೆಯಲ್ಲಿ ಗಾರ್ಡು ಹಸಿರು ಬಾವುಟ ತೋರಿಸಿದರೆ ಹೋಗು, ಕೆಂಪು ತೋರಿಸಿದರೆ ನಿಲ್ಲು. ಅವಳ ಸೈಕಲ್ಲಿಗಿಂತ ಅದರ ಮೇಲೆ ನನಗೆ ಹೊಟ್ಟೆ ಉರಿಯಿತು.

ಬೆಳಗ್ಗೆ ಅಪ್ಪ ಬಾವಿಕಟ್ಟೆಯ ಹತ್ತಿರ ದಂಟಿನ ಕಂತೆ ಕಟ್ಟುತ್ತಿದ್ದರು. ಬಿಸಿಲು ಚೆನ್ನಾಗಿ ಬಂದಿತ್ತು. ಎದುರಿಗೆ ಹೋಗಿ ನಿಂತೆ.

"ಅಪ್ಪ, ಕಲ್ಕತ್ತೆಗೆ ಹೋಗಲಾ?"

"ಮೊನ್ನೇನೇ ಹೇಳ್ದೆನಲ್ಲ."

"ಅದು ದೀಪದ ಹೊತ್ತು. ಈಗ ಹೇಳು."

ಅಪ್ಪ ಕಂತೆ ಕೆಳಗಿಟ್ಟರು. ನನ್ನನ್ನೇ ನೋಡಿದರು. "ಬೇಡ ಅಂದ್ರೆ ನಿಂತ್ಕಂತೀಯಾ?" ಅಂದರು.

"ಇಲ್ಲ" ಅಂದೆ.

ಅಪ್ಪನ ಮೀಸೆ ಅಲುಗಿತು. ಎದ್ದು ಬಾವಿಯಿಂದ ಒಂದು ಬಿಂದಿಗೆ ಸೇದಿದರು. "ಕೂತ್ಕೋ. ನೀರು ಕುಡಿ ಮೊದ್ಲು" ಅಂದರು.

ಇದನ್ನು ಮಣಿಗೆ ಹೇಳಲು ಹೊರಟೆ. ಹೇಳಿದ ಮರುಗಳಿಗೆಯೇ ಅವಳು ನನಗೆ ಹೊಳೆಯದ ಏನನ್ನಾದರೂ ಕೇಳುತ್ತಾಳೆ, ನನಗೆ ಗೊತ್ತು. ಅದೇನಿರಬಹುದು, ಅವಳಿಗಿಂತ ಮೊದಲು ನಾನೇ ಕಂಡುಹಿಡಿಯಬೇಕು ಅಂತ ಹಟ ಹಿಡಿದು, ಫ್ರೇಜರ್ ಟೌನಿನವರೆಗೂ ಯಾವ ಕನಸೂ ಕಾಣದೆ ನಡೆದೆ.