ದೋಣಿಯವನಿಗೆ ಹೇಳದ ಮಾತು

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ಎಷ್ಟೇ ಸದ್ದು ಮಾಡಲಿ, ಸೇನಾಪತಿಯ ಮಾತು ಅದರ ಮೇಲೆ ತೇಲಿಕೊಂಡೇ ಬರುತ್ತಿತ್ತು. ಸೇನಾಪತಿ ಎಂಬುದು ಅಂಗಡಿಯವರು ಅವಳಿಗೆ ಇಟ್ಟ ಹೆಸರು. ಕೈಯಲ್ಲಿ ಯಾರದೋ ಕಣ್ಣಿಗೆ ಕೂರಬೇಕಾದ ಗಾಜು, ಬಾಯಲ್ಲಿ ಕೋಟೆ, ಕಣಜ, ಸಂಧಾನ. ಮದುವೆಗೆ ಮುಂಚಿನಿಂದಲೂ ಕಂಪ್ಯೂಟರ್ ಆಟವೆಂದರೆ ಅವಳಿಗೆ ಪ್ರಾಣ. ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ಆ ಹುಚ್ಚು ಇಳಿದಿರಲಿಲ್ಲ. ಅದರ ಜೊತೆಗೆ ಅಭಿಪ್ರಾಯಗಳೂ ಬೆಳೆದಿದ್ದವು.

"ನೀನು ಮಾತಾಡೋದು ಕೇಳಿದ್ರೆ, ಎಲ್ಲೋ ರಾಜ್ಯ ಕಳ್ಕೊಂಡು ಬಂದವಳ ಹಾಗಿದೆ," ಎಂದು ಕಣ್ಣು ಪರೀಕ್ಷೆ ಮಾಡುವ ಗೆಳತಿ ನಗುವಳು.

"ಕಳ್ಕೊಂಡಿದ್ದೀನಲ್ಲ! ಹೋದ ಭಾನುವಾರ ತಾನೆ ಕಳ್ಕೊಂಡೆ. ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ಒಳ್ಳೇ ರಾಜ್ಯ ಕಟ್ಟೋ ಆಟ ಮೋಸ ಮಾಡದೆ ಸೋಲಿಸುತ್ತೆ. ಸೋತ ಮೇಲೆ ಕೂತು ಯೋಚನೆ ಮಾಡಿದ್ರೆ, ಇಂಥ ಚಳಿಗಾಲದಲ್ಲಿ ಕಣಜ ಖಾಲಿ ಬಿಟ್ಟೆ, ಅಲ್ಲೇ ಕೆಟ್ಟೆ ಅಂತ ಗೊತ್ತಾಗುತ್ತೆ. ಮನುಷ್ಯರಲ್ಲಿ ಎಷ್ಟು ಜನ ಹಾಗೆ ಮರ್ಯಾದೆಯಾಗಿ ಸೋಲಿಸ್ತಾರೆ ಹೇಳು?"

"ಸರಿ ತಾಯಿ, ಆ ಗಾಜು ಕೊಡು. ಹೊರಗೆ ಒಬ್ರು ಕಣ್ಣು ಕಾಣದೆ ಕೂತಿದ್ದಾರೆ."

ಸರದಿಯ ಮೇಲೆ ಆಡುವ ಆಟಗಳನ್ನಂತೂ ಅವಳು ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಿದ್ದಳು. "ನಾನು ಕೈ ಆಡಿಸೋತನಕ ಇಡೀ ಪ್ರಪಂಚ ಸುಮ್ಮನೆ ನಿಂತು ಕಾಯುತ್ತೆ ಕಣೆ. ನಮ್ಮನೇಲಿ ಯಾರು ಕಾಯ್ತಾರೆ?" ಎನ್ನುವಳು. ಪಾತ್ರ ವಹಿಸಿ ಆಡುವ ಮಾಯಾಲೋಕದ ಆಟಗಳ ಬಗ್ಗೆ ಅವಳ ತೀರ್ಪು ಬೇರೆ. ಕತ್ತಿ, ಮಂತ್ರ, ಬೆಂಕಿ ಉಗುಳುವ ಹಾವು ಇವೆಲ್ಲ ಇರಬೇಕು ನಿಜ. ಆದರೆ ಅದು ಬರೀ ಒಗ್ಗರಣೆ. ದಾರಿಯಲ್ಲಿ ಸಿಗುವ ಕಮ್ಮಾರನಿಗೆ ಅವನದೇ ಒಂದು ಚಿಂತೆ ಇರಬೇಕು, ನೀರು ಸೇದುವವಳಿಗೆ ರಾಜನ ಮೇಲೆ ಒಂದು ಸಿಟ್ಟಿರಬೇಕು. ಊರು ದೊಡ್ಡದಾಗಿ ಮನುಷ್ಯರೇ ಇಲ್ಲದ ಆಟಗಳನ್ನು ಅವಳು ಎರಡನೇ ದಿನಕ್ಕೆ ಮುಚ್ಚಿಡುತ್ತಿದ್ದಳು.

ಇವೆಲ್ಲಕ್ಕಿಂತ ಗಟ್ಟಿಯಾದ ನಿಯಮ ಒಂದಿತ್ತು. ಆಡಿದ ಮೇಲೆ ಆಡಿದ್ದೇ. ಎಡವಿದೆನೆಂದು ಹಳೆಯ ಜಾಗಕ್ಕೆ ವಾಪಸ್ ಹೋಗಿ, ಬೇರೆ ಮಾತು ಆರಿಸಿ, ಬೇರೆ ದಾರಿ ಹಿಡಿಯುವವರನ್ನು ಅವಳು ಆಟಗಾರರ ಸಾಲಿಗೇ ಸೇರಿಸುತ್ತಿರಲಿಲ್ಲ. "ಉಗುಳಿದ್ದನ್ನ ನೆಕ್ಕೋದು ಅದು," ಎನ್ನುತ್ತಿದ್ದಳು.

ಅವಳ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವಿವರ ಹೇಳುವವನು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾವುದು ರದ್ದು, ಎಲ್ಲವೂ ಅವನ ಕಂಠದಲ್ಲೇ ಊರಿಗೆ ತಿಳಿಯಬೇಕು. ಕಂಚಿನಂಥ ಕಂಠ. ಮನೆಯಲ್ಲೂ ಅವನದು ಅದೇ ಧಾಟಿ: "ಸ್ನಾನದ ನೀರು ಕಾದಿದೆ, ದಯವಿಟ್ಟು ಗಮನಿಸಿ!" ಹೆಂಡತಿಯ ಆಟಗಳೆಂದರೆ ಅವನಿಗೆ ಮಕ್ಕಳಾಟ. ಬೈಯುತ್ತಿರಲಿಲ್ಲ, ಆದರೆ ಆ ಪರದೆಯ ಕಡೆ ಒಮ್ಮೆಯೂ ತಿರುಗಿ ನೋಡಿದವನಲ್ಲ.

ಹೀಗಿದ್ದವನ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕೆಟ್ಟದ್ದೇನಲ್ಲ ಎಂದು ವೈದ್ಯೆ ಮೊದಲೇ ಧೈರ್ಯ ಹೇಳಿದರು. ಗಂಟನ್ನು ತೆಗೆದದ್ದೂ ಆಯಿತು. ಆದರೆ ಆಮೇಲೆ ಅವರು ಕೊಟ್ಟ ಪಥ್ಯ ವಿಚಿತ್ರವಾದದ್ದು. ಹಲವು ವಾರ ಒಂದೇ ಒಂದು ಮಾತು ಆಡುವಂತಿಲ್ಲ.

"ಮೆಲ್ಲಗೆ ಪಿಸುಗುಟ್ಟಬಹುದಾ?" ಎಂದು ಸೇನಾಪತಿ ಕೇಳಿದಳು.

"ಅದಂತೂ ಬೇಡವೇ ಬೇಡ. ಅದು ಕೂಗೋದಕ್ಕಿಂತ ಕೆಟ್ಟದ್ದು. ಮೌನ ಅಂದ್ರೆ ಮೌನ."

ಮನೆಯವರು ಒಂದು ಸ್ಲೇಟು ತಂದುಕೊಟ್ಟರು. ಅವನು ಬಳಪ ಹಿಡಿದು ದೊಡ್ಡ ಅಕ್ಷರಗಳಲ್ಲಿ ಬರೆಯುವಷ್ಟರಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗಿರುತ್ತಿತ್ತು. ಉತ್ತರ ಸಿದ್ಧವಾದಾಗ ಕೇಳಿದವರೇ ಇರುತ್ತಿರಲಿಲ್ಲ. ಸಿಟ್ಟು ಬಂದರೆ ಚಮಚದಿಂದ ತಟ್ಟೆ ಬಡಿಯುವನು, ಬಾಗಿಲು ಕುಟ್ಟುವನು.

"ಬಾಯಿದ್ದಾಗ್ಲೂ ಈ ಮನೇಲಿ ಇಷ್ಟು ಗಲಾಟೆ ಇರ್ಲಿಲ್ಲ," ಎಂದರು ಅತ್ತೆ. ಅವರು ಮಗನ ಮನೆಯಲ್ಲೇ ಇದ್ದರು. ಮಗನ ಮೌನದಿಂದ ಮೊದಲು ರೋಸಿಹೋದದ್ದು ಅವರೇ. "ಏನಾದ್ರೂ ಮಾಡಮ್ಮಾ. ನಿನ್ನ ಆ ಪೆಟ್ಟಿಗೆ ಮುಂದೆ ಆದ್ರೂ ಕೂರಿಸು. ಕೈ ಒಂದು ಕಡೆ ಇರುತ್ತೆ."

ಸೇನಾಪತಿ ಮೊದಲು ರಾಜ್ಯ ಕಟ್ಟುವ ಆಟ ತೆರೆದುಕೊಟ್ಟಳು. ಗಂಡ ಇದ್ದಬದ್ದ ಧಾನ್ಯವನ್ನೆಲ್ಲ ಸೈನಿಕರಿಗೆ ಸುರಿದು, ಗಡಿ ದಾಟಿ, ಹಿಂದೆ ಬಿಟ್ಟ ಊರುಗಳು ಹಸಿವಿನಿಂದ ದಂಗೆ ಎದ್ದದ್ದನ್ನು ನೋಡುತ್ತ ಕೂತ. ಆಮೇಲೆ ಸ್ಲೇಟಿನಲ್ಲಿ ಬರೆದ: "ಇವರಿಗೆ ಕೃತಜ್ಞತೆ ಇಲ್ಲ."

"ಹೊಟ್ಟೆಗಿಲ್ಲದೆ ಕೃತಜ್ಞತೆ ಎಲ್ಲಿಂದ ಬರುತ್ತೆ ರೀ?" ಎಂದಳು ಅವಳು. ಅವನು ಎದ್ದುಹೋದ.

ಮರುದಿನ ಕೆಲಸಕ್ಕೆ ಹೊರಡುವ ಮುನ್ನ ಅವಳು ತನ್ನ ಅಚ್ಚುಮೆಚ್ಚಿನ ಆಟವನ್ನೇ ಹಾಕಿಕೊಟ್ಟಳು. ಬೂದಿಯ ಕಣಿವೆ ಎಂದು ಅದರ ಹೆಸರು. ಆಡುವವರು ಅದರಲ್ಲಿ ಊರೂರು ತಿರುಗುವ ನಾಟಿ ವೈದ್ಯರು. ಎದುರಿಗೆ ಬಂದವರು ಏನಾದರೂ ಹೇಳುತ್ತಾರೆ. ಪರದೆಯ ಕೆಳಗೆ ಮೂರು ಉತ್ತರ ಮೂಡುತ್ತವೆ. ಒಂದನ್ನು ಒತ್ತಿದರೆ ನಮ್ಮ ಪಾತ್ರ ಅದನ್ನೇ ಆಡುತ್ತದೆ. "ನಿಮ್ಮ ಗಂಟಲಿಗೇನೂ ಶ್ರಮ ಇಲ್ಲ," ಎಂದು ಹೇಳಿ ಅವಳು ಹೋದಳು.

ಅಂದು ಅಂಗಡಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನೋಡಮ್ಮಾ, ಬೆಳಗ್ಗಿಂದ ಅದೇ ನದಿ, ಅದೇ ದೋಣಿ. ಇವನು ದಾಟಲ್ಲ, ಆ ದೋಣಿಯವನು ಬಿಡಲ್ಲ. ಊಟಕ್ಕೆ ಕರೆದ್ರೆ ಕೈ ಅಲ್ಲಾಡಿಸ್ತಾನೆ."

ಸೇನಾಪತಿಗೆ ಆ ಜಾಗ ಚೆನ್ನಾಗಿ ಗೊತ್ತು. ಕಣಿವೆಯ ಆರಂಭದಲ್ಲೇ ಬರುವ ನದಿ. ದಡದಲ್ಲಿ ಒಬ್ಬ ದೋಣಿಯವನು ತನ್ನ ತಮ್ಮನಿಗಾಗಿ ಕಾಯುತ್ತಿರುತ್ತಾನೆ. ಆ ತಮ್ಮ ಬೆಟ್ಟದ ಮೇಲಿನ ಗಣಿಯಲ್ಲಿ ಸತ್ತದ್ದು ಆಡುವವರಿಗೆ ಮಾತ್ರ ಗೊತ್ತು. ಆ ದೇಹವನ್ನು ಆಗಷ್ಟೇ ನೋಡಿಕೊಂಡು ಬಂದಿರುತ್ತಾರೆ. ನೇರವಾಗಿ ಸತ್ಯ ಹೇಳಬಹುದು, ಚೆನ್ನಾಗಿದ್ದಾನೆ ಎಂದು ಸುಳ್ಳು ಹೇಳಬಹುದು, ಇಲ್ಲವೇ ಮಾತು ಮರೆಸಿ ದೋಣಿಯ ಸುದ್ದಿ ಎತ್ತಬಹುದು. ಅವಳು ಪ್ರತಿ ಸಲವೂ ಸತ್ಯ ಹೇಳಿದವಳು. ದೋಣಿಯವನು ತಲೆ ಎತ್ತದೆ ಹುಟ್ಟು ಹಾಕುತ್ತ ದಾಟಿಸಿದ ದೃಶ್ಯವನ್ನು ಅಂಗಡಿಯವರಿಗೆಲ್ಲ ಬಾಯಿಪಾಠವಾಗುವಷ್ಟು ಸಲ ಹೇಳಿದ್ದಳು. ಅಂಥ ಬರವಣಿಗೆ ಇನ್ನೊಂದು ಆಟದಲ್ಲಿಲ್ಲ ಎಂಬುದು ಅವಳ ವಾದ.

ಒಳಗೆ ಬಂದು ನೋಡಿದರೆ ಗಂಡ ಸತ್ಯ ಹೇಳುತ್ತಿದ್ದ. ದೋಣಿಯವನು ಕುಸಿದು ಕೂತ. ಗಂಡ ಆಟವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ದಡದ ಮೇಲೆ ನಿಂತ. ದೋಣಿಯವನು ಏನೂ ಆಗದವನಂತೆ ಮತ್ತೆ ಕೇಳಿದ: "ಮೇಲಿಂದ ಬಂದ್ರಾ? ನನ್ನ ತಮ್ಮ ಸಿಕ್ಕಿದ್ನಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು? ಬೆಳಗ್ಗಿಂದ ಇದನ್ನೇ ಮಾಡ್ತಿದ್ದೀರಾ? ಹೇಳಿದ್ದನ್ನ ಅಳಿಸಿ ಅಳಿಸಿ ಹೇಳೋದಾ? ಆ ಮನುಷ್ಯನ ತಮ್ಮನನ್ನ ಎಷ್ಟು ಸಲ ಸಾಯಿಸ್ತೀರಿ? ಇದು ಆಟಕ್ಕೇ ಅವಮಾನ. ಬೇಗ ದಾಟೋ ಉಪಾಯ ಹುಡುಕ್ತಿದ್ರೆ, ಕೇಳಿದ್ರೆ ನಾನೇ ಹೇಳ್ತಿದ್ದೆ!"

ಅವನು ತಟ್ಟೆ ಬಡಿಯಲಿಲ್ಲ. ಸ್ಲೇಟು ಎತ್ತಿಕೊಂಡು ನಿಧಾನವಾಗಿ ಬರೆದ.

"ದಾಟೋಕೆ ಅಲ್ಲ. ಕೇಳೋಕೆ."

ಒರೆಸಿ ಮತ್ತೆ ಬರೆದ: "ನಾನು ಇಷ್ಟು ವರ್ಷ ಹೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮೈಕಿಗೆ ಕಿವಿ ಇರಲ್ಲ."

ಇನ್ನೊಮ್ಮೆ ಒರೆಸಿದ. "ಇವನು ಒಂದೊಂದು ಮಾತಿಗೆ ಒಂದೊಂದು ಥರ ನೋಯ್ತಾನೆ. ಕೂತ್ಕೋ."

ಅವಳು ಹೆಗಲ ಚೀಲವನ್ನೂ ಇಳಿಸದೆ ಸ್ಟೂಲು ಎಳೆದುಕೊಂಡು ಕೂತಳು. ಗಂಡ ಸುಳ್ಳಿನ ಉತ್ತರ ಒತ್ತಿದ. ತಮ್ಮ ಕ್ಷೇಮ ಎಂದು ಕೇಳಿದ್ದೇ ದೋಣಿಯವನ ಮುಖ ಅರಳಿತು. ಹಲಗೆಯನ್ನು ಒರೆಸಿ ಕೂರಲು ಜಾಗ ಮಾಡಿಕೊಟ್ಟ. ದಾರಿಯುದ್ದಕ್ಕೂ ತಮ್ಮನ ತುಂಟತನ ಹೇಳಿಕೊಂಡು ನಕ್ಕ. ಆಚೆ ದಡದಲ್ಲಿ ಇಳಿಸುವಾಗ ಹೇಳಿದ: "ಮತ್ತೆ ಸಿಕ್ಕಿದ್ರೆ ಹೇಳಿ ಅವನಿಗೆ, ಜಗಳ ಆಡಿದ್ದು ನಾನು ಮರೆತಾಯ್ತು ಅಂತ."

ಸೇನಾಪತಿ ಪರದೆಯ ಹತ್ತಿರಕ್ಕೆ ಬಾಗಿದಳು. ಅಣ್ಣ ತಮ್ಮಂದಿರ ನಡುವೆ ಜಗಳವಾಗಿತ್ತೇ? ಈ ಆಟವನ್ನು ಇಷ್ಟು ಸಲ ಆಡಿ ಮುಗಿಸಿದವಳಿಗೆ ಅದು ಗೊತ್ತೇ ಇರಲಿಲ್ಲ. ಯಾರೋ ಕೂತು ಈ ಮಾತು ಬರೆದಿದ್ದಾರೆ, ಇನ್ನಾರೋ ಅದಕ್ಕೆ ಆ ನಗುವನ್ನು ಕೂಡಿಸಿದ್ದಾರೆ. ಸತ್ಯ ಹೇಳುವವರಿಗೆ ಅದು ಎಂದೂ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಮಾಡಿದ್ದಾರೆ. ಒಂದೇ ದಾರಿ ಹಿಡಿಯುವೆನೆಂಬ ತನ್ನ ಹಟದಲ್ಲಿ ಮನೆಯ ಒಂದೇ ಕೋಣೆ ನೋಡಿ, ಮನೆಯನ್ನೆಲ್ಲ ಬಲ್ಲೆ ಎಂದುಕೊಂಡಿದ್ದಳು.

"ಅದು ಬರೀ ಸುಳ್ಳು ಹೇಳೋರ ದಾರಿ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ.

ಗಂಡ ಬೆರಳೆತ್ತಿ, ತಾಳು ಎಂಬಂತೆ ಸನ್ನೆ ಮಾಡಿದ. ಮತ್ತೆ ಹಿಂದಕ್ಕೆ ಹೋಗಿ ದಡದ ಮೇಲೆ ನಿಂತ. ದೋಣಿಯವನು ಕೇಳಿದ, ಮೂರು ಉತ್ತರ ಮೂಡಿದವು. ಈ ಸಲ ಅವನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒತ್ತಿ ರೀ."

ಅವನು ಒತ್ತಲಿಲ್ಲ. ಪರದೆಯಲ್ಲಿ ನೀರು ಹರಿಯುತ್ತಿತ್ತು. ದೋಣಿಯವನು ಹಗ್ಗ ಸುತ್ತುತ್ತಿದ್ದ, ಸಡಿಲಿಸುತ್ತಿದ್ದ. ಅತ್ತೆಯೂ ಬಂದು ಬಾಗಿಲಲ್ಲಿ ನಿಂತರು. ಆಟ ಕೆಟ್ಟು ನಿಂತಿದೆಯೇನೋ ಎಂದು ಅವಳು ಕೈ ಚಾಚುವಷ್ಟರಲ್ಲಿ ಮೂರು ಉತ್ತರಗಳೂ ಒಂದೊಂದಾಗಿ ಮಾಸಿ ಹೋದವು. ದೋಣಿಯವನ ಕೈ ಹಗ್ಗದ ಮೇಲೆ ನಿಂತಿತು. ತಾನಾಗಿಯೇ ಹೇಳಿದ:

"ಬರಲ್ಲ ಅಲ್ವಾ ಅವನು."

ಆಮೇಲೆ ಅವನೇ ಜಗಳದ ಕಥೆ ಹೇಳಿದ, ಅವನೇ ಅತ್ತ, ಅವನೇ ಎದ್ದು ದೋಣಿ ಬಿಚ್ಚಿದ. "ನೀವು ಏನೂ ಹೇಳದೆ ಇದ್ದಿದ್ದಕ್ಕೆ ನಿಮ್ಮ ಋಣ ದೊಡ್ಡದು," ಎಂದ.

ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಪಾಪ, ಊಟ ಮಾಡಿದ್ದಾನೋ ಇಲ್ವೋ," ಎಂದರು. ಅದು ದೋಣಿಯವನನ್ನು ಕುರಿತು ಹೇಳಿದ್ದೋ ಮಗನನ್ನು ಕುರಿತು ಹೇಳಿದ್ದೋ ಗೊತ್ತಾಗಲಿಲ್ಲ. ಸೇನಾಪತಿ ಗಂಡನ ಕಡೆ ತಿರುಗಿದಳು. ಮಾತು ಕಳೆದುಕೊಂಡು ಮನೆಯೆಲ್ಲ ಕುಟ್ಟುತ್ತಿದ್ದವನು, ಸುಮ್ಮನಿರುವುದೂ ಒಂದು ಉತ್ತರವೆಂದು ಅವಳ ಆಟದಲ್ಲೇ ಕಂಡುಹಿಡಿದಿದ್ದ. ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಕೆದರಿದ ಅವನ ಕೂದಲನ್ನು ಬೆರಳಿಂದ ಸರಿಮಾಡಿ, "ಏಳಿ, ಮೊದಲು ಊಟ," ಎಂದಳು.

ಮರುದಿನ ಅಂಗಡಿಯಲ್ಲಿ ಯಂತ್ರ ಚಾಲೂ ಮಾಡುವ ಮುಂಚೆಯೇ ಸುದ್ದಿ ಹರಡಿತು.

"ಹಿಂದಕ್ಕೆ ಹೋಗೋರು ಆಟಗಾರರೇ ಅಲ್ಲ ಅಂದವಳು ನೀನೇ ತಾನೆ?" ಗೆಳತಿ ಕಾಲೆಳೆದಳು.

"ಅಂದಿದ್ದೆ. ಎಲುಬಿಲ್ಲದ ನಾಲಿಗೆ, ಏನು ಮಾಡೋದು? ರಾಜ್ಯ ಕಟ್ಟೋ ಆಟದಲ್ಲಿ ಈಗಲೂ ಅದೇ ಅಂತೀನಿ. ಅಲ್ಲಿ ಹಿಂದಕ್ಕೆ ಹೋಗೋದು ಹೇಡಿತನವೇ. ಆದ್ರೆ ಮಾತಿನ ಆಟ ಬೇರೆ ಕಣೆ. ಅದನ್ನ ಬರೆದವರು ಎಷ್ಟು ದೊಡ್ಡ ಮನಸ್ಸಿನವರು ನೋಡು. ಯಾರೂ ಒತ್ತದ ಉತ್ತರಕ್ಕೂ ಮಾತು ಬರೆದಿದ್ದಾರೆ. ಸುಮ್ಮನಿದ್ದವರಿಗೂ ಬರೆದಿದ್ದಾರೆ!"

ವಾರಗಳು ಕಳೆದವು. ವೈದ್ಯೆ ಕೊನೆಗೆ, "ಈಗ ಒಂದು ಮಾತು ಹೇಳಿ," ಎಂದಾಗ ಗಂಡನ ಗಂಟಲಿಂದ ಹೊರಟದ್ದು ಹಳೆಯ ಕಂಚಿನ ಕಂಠವಲ್ಲ. ಒಣ ಎಲೆಯ ಮೇಲೆ ನಡೆದಂಥ ಒರಟು ದನಿ. ಇನ್ನು ಮೈಕಿಗೆ ಆಗುವುದಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಿಲ್ದಾಣದಲ್ಲಿ ಅಷ್ಟರಲ್ಲೇ ಯಂತ್ರದ ದನಿ ಕೂರಿಸಿದ್ದರು. ಅವನನ್ನು ವಿಚಾರಣೆಯ ಕಿಟಕಿಗೆ ಹಾಕಿದರು. ಮೊದಲ ದಿನ ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಸೇನಾಪತಿ ಕಳವಳದಿಂದ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು.

"ಹೇಗಿತ್ತು ರೀ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಜನ ತುಂಬಾ ಮಾತಾಡ್ತಾರೆ ಕಣೆ. ಬಸ್ ಎಷ್ಟೊತ್ತಿಗೆ ಅಂತ ಶುರು ಮಾಡಿ, ಯಾಕೆ ಹೋಗ್ತಿದ್ದೀನಿ ಅಂತ ಮುಗಿಸ್ತಾರೆ." ಒಂದು ಲೋಟ ನೀರು ಕುಡಿದ. "ಒಬ್ಬಾಕೆ ಮಗಳನ್ನ ನೋಡೋಕೆ ಹೊರಟಿದ್ರು. ಬಸ್ ಬಂದ್ರೂ ಕಥೆ ಮುಗೀಲಿಲ್ಲ. ನಾನೇ ಕೈ ಹಿಡಿದು ಹತ್ತಿಸಿ ಬಂದೆ."

ಹೇಳುವಾಗ ಅವನ ಮುಖದಲ್ಲಿ ನೋವಿರಲಿಲ್ಲ ಎಂದಲ್ಲ. ಹೊರಗೆ ಎಲ್ಲೋ ಧ್ವನಿವರ್ಧಕ ಕೇಳಿದರೆ ಈಗಲೂ ಅವನು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದ. ಆದರೆ ಊಟಕ್ಕೆ ಕೂತಾಗ ಅವನೇ ಕೇಳಿದ: "ಆ ರಾಜ್ಯ ಕಟ್ಟೋ ಆಟ ಇಬ್ಬರು ಎದುರಾಬದುರು ಆಡಬಹುದು ಅಂದಿದ್ದೆ ಅಲ್ವಾ?"

ಭಾನುವಾರ ಬೆಳಗ್ಗೆ ಇಬ್ಬರೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅವಳು ಕರಾವಳಿ ತೆಗೆದುಕೊಂಡಳು, ಅವನಿಗೆ ಬೆಟ್ಟದ ನಾಡು ಬಂತು. ಈ ಸಲ ಅವನು ಸೈನ್ಯ ಕಟ್ಟಲಿಲ್ಲ. ಕಣಜ ಕಟ್ಟಿದ, ರಸ್ತೆ ಹಾಕಿದ, ಅವಳ ಪಕ್ಕದ ಸಣ್ಣಪುಟ್ಟ ರಾಜರ ಬಳಿಗೆಲ್ಲ ದೂತರನ್ನು ಅಟ್ಟಿದ. ಬೆಟ್ಟದಲ್ಲಿ ಕೂತು ಏನು ಮಾಡಿಯಾನು ಎಂದು ಅವಳು ಹಡಗು ಕಟ್ಟುವುದರಲ್ಲೇ ಮುಳುಗಿದಳು. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಬಂದರು ಅವಳ ಹಡಗುಗಳಿಗೆ ಬಾಗಿಲು ಮುಚ್ಚಿತು. ಒಂದು ಬಾಣ ಬಿಡದೆ ಅವನು ಅವಳ ಸುತ್ತಲಿನವರನ್ನೆಲ್ಲ ಒಲಿಸಿಕೊಂಡಿದ್ದ.

"ಇದು ಮೋಸ!" ಸೇನಾಪತಿ ಎದ್ದು ನಿಂತಳು.

"ಮೋಸ ಅಲ್ಲ, ಸಂಧಾನ," ಎಂದ ಅವನು ಒರಟು ದನಿಯಲ್ಲಿ, ಹಲ್ಲು ಕಾಣುವಂತೆ ನಗುತ್ತ. "ಅವರ ಕಷ್ಟ ಸುಖ ಕೇಳಿದೆ, ಅಷ್ಟೇ."

"ಆ ಉಪ್ಪಿನ ದ್ವೀಪದವನು ನನ್ನ ಕಡೆಯವನು ರೀ! ಅವನಿಗೆ ಬರಗಾಲದಲ್ಲಿ ಧಾನ್ಯ ಕಳಿಸಿದ್ದು ನಾನು!"

"ಕಳಿಸಿದೆ. ಆಮೇಲೆ ಒಂದು ಸಲ ಆದ್ರೂ ವಿಚಾರಿಸಿದ್ಯಾ?"

ಅತ್ತೆ ಒಳಗಿನಿಂದ ಬಂದು ಪರದೆಯನ್ನೂ ಸೊಸೆಯನ್ನೂ ನೋಡಿದರು. "ಏನು ಕಳ್ಕೊಂಡೆ?"

"ಎಲ್ಲ ಕಳ್ಕೊಂಡೆ ಅತ್ತೆ. ಕರಾವಳಿ ಪೂರ್ತಿ."

"ಹಾಗಾದ್ರೆ ಹಿಂದಕ್ಕೆ ಹೋಗಿ ಸರಿಮಾಡ್ಕೋ, ಅದಕ್ಕೇನಂತೆ?"

"ಹೋಗಲ್ಲ!" ಎಂದು ಅವಳು ಮತ್ತೆ ಕುರ್ಚಿ ಎಳೆದುಕೊಂಡಳು. ಎಷ್ಟು ಅಂದವಾಗಿ ಸೋಲಿಸಿದ್ದ! ಎಲ್ಲಿ ಕೆಟ್ಟೆನೆಂದು ಹುಡುಕುತ್ತ ಅವಳು ನಕ್ಷೆಯನ್ನು ಮೂಲೆಯಿಂದ ಮೂಲೆಗೆ ಸರಿಸಿದಳು. ಎಲ್ಲವೂ ಹೋಗಿರಲಿಲ್ಲ. ತುದಿಯಲ್ಲೊಂದು ಮೀನುಗಾರರ ಹಳ್ಳಿ ಇನ್ನೂ ಅವಳ ಬಾವುಟ ಹಾರಿಸುತ್ತಿತ್ತು. ಅವಳು ತೋಳೇರಿಸಿದಳು.

"ಸರದಿ ನನ್ನದು ತಾನೆ? ಕಾಯ್ತಾ ಇರಿ."